ಒಂದು ಗೇಣು ಎಡಕ್ಕೆ

ನಮ್ಮೂರ ಕಾವಲಿನಲ್ಲಿ ನೂರಾ ಹದಿನೇಳು ಮರಗಳಿವೆ, ಎರಡು ಹಳ್ಳಗಳಿವೆ. ಅಷ್ಟಕ್ಕೂ ವರ್ಷಕ್ಕೊಮ್ಮೆ ಫೋಟೋ ತೆಗೆಯುವವನು ನಾನು. ಕೇಳಿದವರಿಗೆ ಇದೊಂದು ಹವ್ಯಾಸ ಅನ್ನಿಸಬಹುದು. ಹವ್ಯಾಸವಾಗಿದ್ದರೆ ಎಂದೋ ಬಿಟ್ಟಿರುತ್ತಿದ್ದೆ. ಫೋಟೋ ತೆಗೆಸಿಕೊಂಡ ಮರ ಮುಂದಿನ ವರ್ಷದವರೆಗೆ ನಿಂತಲ್ಲೇ ನಿಲ್ಲುತ್ತದೆ, ತೆಗೆಯದಿದ್ದರೆ ಹೊರಟುಹೋಗುತ್ತದೆ. ಹಳ್ಳಗಳದ್ದೂ ಅದೇ ಬುದ್ಧಿ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕಾವಲಿನ ಕಚೇರಿಯವರು ಮಾತ್ರ, ಯಾವ ತಾರೀಖಿನೊಳಗೆ ಮುಗಿಸುತ್ತೀ ಎಂದು ಕೇಳುತ್ತಾರೆ.

ಕಾವಲೆಂದರೆ ಊರಿನ ಪಡುವಣಕ್ಕೆ ಕಣ್ಣು ಹರಿಯುವಷ್ಟು ದೂರ ಹಬ್ಬಿದ ಹುಲ್ಲು. ಹಿಂದೆ ದನ ಮೇಯುತ್ತಿದ್ದವು. ಈಗ ಅದಕ್ಕೊಂದು ಗೇಟು ಹಾಕಿ, ಬೋರ್ಡು ಬರೆಸಿ ಉದ್ಯಾನ ಎಂದು ಕರೆದಿದ್ದಾರೆ. ದನಗಳು ಬೋರ್ಡನ್ನು ಓದದೆ ಈಗಲೂ ಬರುತ್ತವೆ. ಅಷ್ಟು ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಮರ ಇರುವುದರಿಂದ ಪ್ರತಿ ಮರವೂ ಊರಿಗೆಲ್ಲ ಗೊತ್ತು, ಅದರ ಸ್ವಭಾವವೂ ಗೊತ್ತು. ಬೇವು ಗಂಭೀರ. ಹುಣಸೆ ಸೋಮಾರಿ, ಫೋಟೋ ತಪ್ಪಿದರೂ ಹತ್ತು ಹೆಜ್ಜೆಗಿಂತ ಹೆಚ್ಚು ಹೋಗುವುದಿಲ್ಲ. ಜಾಲಿ ಮಾತ್ರ ಕೈಗೆ ಸಿಕ್ಕುವ ಜಾತಿಯಲ್ಲ.

ನನ್ನ ಹೆಸರು ರಾಚಪ್ಪ. ಊರವರು ಫೋಟೋ ರಾಚಪ್ಪ ಎನ್ನುತ್ತಾರೆ. ನಾನು ಕಲೆಗಾರನಾಗಬೇಕೆಂದು ಕ್ಯಾಮೆರಾ ಹಿಡಿದವನು. ಬೆಳಗಿನ ಮಂಜಿನಲ್ಲಿ ಮುತ್ತುಗದ ಒಂದೇ ಒಂದು ಕೊಂಬೆ, ಹಳ್ಳದ ನೀರಿನಲ್ಲಿ ಮುರಿದು ಬಿದ್ದ ಆಕಾಶ, ಇಂಥವನ್ನೆಲ್ಲ ತೆಗೆಯುವ ಆಸೆ ನನಗಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅಂಥದ್ದೊಂದು ತೆಗೆದುಕೊಟ್ಟೆ. ಕಚೇರಿಯ ಗುಮಾಸ್ತ ಹಾಲಭಾವಿ ಅದನ್ನು ತಲೆಕೆಳಗು ಮಾಡಿ, ಅಡ್ಡ ಹಿಡಿದು, ಬೆಳಕಿಗೆ ಒಡ್ಡಿ ನೋಡಿದ. "ರಾಚಪ್ಪಣ್ಣ, ಇದರಾಗ ಮರ ಎಲ್ಲೈತಿ?" ಎಂದ. "ಮಂಜಿನ ಹಿಂದ ಐತಿ" ಎಂದೆ. "ಹಂಗಾರ ಮಂಜು ಸರದ ಮ್ಯಾಲ ಬಾ. ನೆತ್ತಿ ಕಾಣಬೇಕು, ಬುಡ ಕಾಣಬೇಕು, ಬಾಜೂಕ ಮನಶಾ ಕಾಣಬೇಕು" ಎಂದು ನನ್ನ ಕಲೆಯನ್ನು ಕೈಗೆ ವಾಪಸು ಕೊಟ್ಟ. ಅಂದಿನಿಂದ ನಾನು ಮರಗಳಿಗೆ ಗುರುತಿನ ಚೀಟಿಯ ಫೋಟೋ ತೆಗೆಯುತ್ತಿದ್ದೇನೆ.

ಹಾಲಭಾವಿಯ ಕಟ್ಟುನಿಟ್ಟಿಗೂ ಕಾರಣವಿದೆ. ನನಗಿಂತ ಮೊದಲು ಈ ಕೆಲಸದಲ್ಲಿದ್ದ ಸಿದ್ರಾಮಣ್ಣ ಒಂದು ವರ್ಷ ದೊಡ್ಡ ಹಳ್ಳದ ಬಾಲವನ್ನು ಚೌಕಟ್ಟಿನ ಹೊರಗೆ ಬಿಟ್ಟುಬಿಟ್ಟ. ಒಳಗಿದ್ದ ಹಳ್ಳ ನಿಂತಿತು, ಹೊರಗುಳಿದ ಬಾಲ ಎದ್ದು ಪಕ್ಕದ ಹಳ್ಳಿಯ ಹೆಸರುಕಾಳಿನ ಹೊಲಕ್ಕೆ ಹೋಗಿ ಹರಿಯತೊಡಗಿತು. ಕೇಳಲು ಹೋದರೆ ಆ ಊರಿನವರು, ತಾನಾಗಿ ಬಂದದ್ದನ್ನು ನಾವೇಕೆ ಕೊಡಬೇಕು ಎಂದರು. ಆ ವರ್ಷವೆಲ್ಲ ನಮ್ಮ ಹೆಂಗಸರು ಬಟ್ಟೆಯ ಗಂಟು ಹೊತ್ತು ಪರವೂರಿಗೆ ಹೋಗಿ ನಮ್ಮದೇ ನೀರಿನಲ್ಲಿ ಒಗೆದುಕೊಂಡು ಬಂದರು. ಚೌಕಟ್ಟಿನ ಒಳಗಿದ್ದದ್ದು ನಿಲ್ಲುತ್ತದೆ, ಹೊರಗಿದ್ದದ್ದು ಅದರ ಪಾಡಿಗೆ ಹೋಗುತ್ತದೆ. ಇಷ್ಟನ್ನು ನಮ್ಮೂರ ಮಕ್ಕಳೂ ಬಲ್ಲವು.

ಮರದ ಪಕ್ಕದಲ್ಲಿ ನಿಲ್ಲುವ ಮನುಷ್ಯನಿಗೆ ನಾವು ಜೋಡಿ ಎನ್ನುತ್ತೇವೆ. ಪ್ರತಿ ಮರಕ್ಕೂ ಅದರದೇ ಜೋಡಿ. ಆರಿಸುವುದು ಮರವೇ. ಜೋಡಿ ಪಕ್ಕದಲ್ಲಿಲ್ಲದಿದ್ದರೆ ಮರ ಒಂದು ಗಳಿಗೆಯೂ ಸುಮ್ಮನೆ ನಿಲ್ಲದು, ಫೋಟೋ ಅಲುಗಿ ಹಾಳಾಗುತ್ತದೆ. ಕಚೇರಿಯವರ ಲೆಕ್ಕವೇ ಬೇರೆ. ಮರದ ಎತ್ತರ ತಿಳಿಯಬೇಕಾದರೆ ಪಕ್ಕದಲ್ಲೊಬ್ಬ ಮನುಷ್ಯ ಕಾಣಬೇಕು ಎಂಬುದು ಅವರ ನಿಯಮ. ಎರಡೂ ಒಂದೇ ಮಾತು ಎಂದು ಎಲ್ಲರೂ ತಿಳಿದಿದ್ದರು. ಊರಿನವರಂತೂ ಜೋಡಿಯಾಗುವುದನ್ನು ದೊಡ್ಡ ಮರ್ಯಾದೆ ಮಾಡಿಕೊಂಡುಬಿಟ್ಟಿದ್ದರು. ಹೆಣ್ಣು ಕೇಳಲು ಹೋದರೆ, "ಹುಡುಗ ಯಾವ ಮರದಾಂವ್ರಿ?" ಎಂಬುದೇ ಮೊದಲ ಪ್ರಶ್ನೆ. ಜಾಲಿ ಮರದವರಿಗೆ ಇಂದಿಗೂ ಹೆಣ್ಣು ಸಿಗುವುದು ಕಷ್ಟ. ಜೋಡಿಗಳಾರೂ ಊರು ಬಿಟ್ಟು ಹೋಗಿದ್ದಿಲ್ಲ. ನಮ್ಮ ಮಣ್ಣಿನ ಗುಣವೇ ಅಂಥದ್ದು, ಬಿಡುವುದಿಲ್ಲ, ಎಂದು ಹಿರಿಯರು ಎದೆಯುಬ್ಬಿಸಿ ಹೇಳುತ್ತಿದ್ದರು.

ದೊಡ್ಡ ಹಳ್ಳದ ತಿರುವಿನಲ್ಲಿ ಒಂದು ತಪಸಿ ಮರವಿದೆ. ಹೆಸರು ತಪಸಿ, ತಿರುಗಾಟದಲ್ಲಿ ಮಾತ್ರ ಎತ್ತಿದ ಕೈ. ಅದು ದಂಡೆಯನ್ನು ಬೇರಿನಲ್ಲಿ ಹಿಡಿದು ನಿಂತಿದ್ದರೆ ನೇಕಾರರ ಓಣಿ ಒಣಗಿರುತ್ತದೆ. ಇಪ್ಪತ್ತಮೂರು ವರ್ಷದ ಹಿಂದೆ ಫೋಟೋ ತಪ್ಪಿ ಅದು ನಲವತ್ತು ಹೆಜ್ಜೆ ಸರಿದಾಗ ಹಳ್ಳ ನೇರವಾಗಿ ಓಣಿಗೆ ನುಗ್ಗಿ, ಅರ್ಧ ನೇಯ್ದ ಸೀರೆಗಳೆಲ್ಲ ನೀರುಪಾಲಾಗಿದ್ದವು. ಮರುವರ್ಷ ಆ ಮರ ತಿರುವಿಗೆ ಮರಳಿ ಹೊಸ ಜೋಡಿಯನ್ನು ಆರಿಸಿಕೊಂಡಿತು. ಆಕೆ ಹಿಟ್ಟಿನ ಗಿರಣಿಯ ಸಾವಂತ್ರವ್ವ.

ಸಾವಂತ್ರವ್ವ ಗಂಡ ಸತ್ತ ಮೇಲೆ ಗಿರಣಿಯನ್ನು ತಾನೇ ನಡೆಸುತ್ತಿದ್ದಳು. ದಿನವೆಲ್ಲ ಜೋಳದ ಹಿಟ್ಟಿನಲ್ಲಿ ಹುಬ್ಬು ಬೆಳ್ಳಗಾಗಿರುತ್ತಿತ್ತು. ಫೋಟೋದ ದಿನ ಮಾತ್ರ ತಲೆ ಸ್ನಾನ ಮಾಡಿ, ಕರಿ ಹುಬ್ಬಿನಲ್ಲಿ, ಇಳಕಲ್ಲ ಸೀರೆಯುಟ್ಟು ಬಂದು ತಪಸಿಯ ಬುಡದಲ್ಲಿ ನಿಲ್ಲುತ್ತಿದ್ದಳು. "ನಿಂದ್ರಪಾ, ಅಣ್ಣಾರು ಫೋಟೋ ತಗೀತಾರ" ಎಂದು ಮರಕ್ಕೆ ಒಂದು ಮಾತು ಹೇಳಿದರೆ ಸಾಕು, ಎಲೆಯೂ ಅಲುಗುತ್ತಿರಲಿಲ್ಲ. ಅಣ್ಣಾರು ಎಂದರೆ ನಾನು. ನೂರಾ ಹದಿನೇಳು ಮರಗಳಲ್ಲಿ ಆ ಒಂದು ಮರದ ದಿನ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಿದ್ದೆ. ಇದನ್ನು ಗಮನಿಸಿದ್ದು ಹಾಲಭಾವಿ ಒಬ್ಬನೇ. "ಏನಣ್ಣ, ತಪಸಿ ಮರಕ್ಕ ಬೀಗತನಾ ಬೆಳಸಾಕ ಹೊಂಟಿಯೇನು?" ಎಂದು ಕೇಳುತ್ತಿದ್ದ. ನಾನು ಲೆನ್ಸು ಒರೆಸುತ್ತ ಕೇಳಿಸದವನಂತೆ ಇದ್ದುಬಿಡುತ್ತಿದ್ದೆ.

ಸಾವಂತ್ರವ್ವನಿಗೆ ಒಬ್ಬಳು ಅಕ್ಕ, ಕಾಶವ್ವ. ನಮ್ಮ ಹಳ್ಳ ಹೋಗಿ ಹೊಳೆಗೆ ಸೇರುವ ಊರಿನಲ್ಲಿ ಆಕೆಯದೊಂದು ಖಾನಾವಳಿ. ಬಸ್ಸಿನಲ್ಲಿ ನಾಲ್ಕು ತಾಸಿನ ದಾರಿ. ಒಲೆ ಆರಿಸಿ ಆಕೆ ಇತ್ತ ಬರುವಂತಿರಲಿಲ್ಲ. ಒಮ್ಮೆ ಬಂದು ನನ್ನ ಕೈಯಡುಗೆ ಉಂಡು ಹೋಗು ಎಂದು ಆಕೆ ವರ್ಷ ವರ್ಷವೂ ಕಾಗದ ಬರೆಸುತ್ತಿದ್ದಳು. ಸಾವಂತ್ರವ್ವ ಹೊರಡುತ್ತಲೂ ಇದ್ದಳು. ಮೊದಲ ಸಲ ಬಸ್ಸು ಪಂಕ್ಚರಾಯಿತು. ಎರಡನೆಯ ಸಲ ಕಾಲು ಉಳುಕಿತು. ಒಮ್ಮೆ ಊರ ಗಡಿ ದಾಟುವಷ್ಟರಲ್ಲಿ ಕಂಡಕ್ಟರನಿಗೆ ತನ್ನ ಚೀಲ ಮರೆತದ್ದು ನೆನಪಾಗಿ, ಇಡೀ ಬಸ್ಸು ತಿರುಗಿ ಬಂತು, ಬಂದದ್ದು ಮತ್ತೆ ಚಾಲೂ ಆಗಲಿಲ್ಲ. ಅವಳನ್ನು ಇಳಿಸಿದ ಮೇಲೆ ಚಾಲೂ ಆಯಿತು. ಇಂಥವು ಎಷ್ಟಾದವೆಂದರೆ, ಆಗದ ಕೆಲಸಕ್ಕೆ ನಮ್ಮೂರಲ್ಲಿ "ಸಾವಂತ್ರವ್ವ ಬಸ್ ಹತ್ತಿದಂಗ" ಎಂಬ ಮಾತೇ ಹುಟ್ಟಿತು. ಅವಳೂ ನಗುತ್ತಿದ್ದಳು. ಹೋಗಲಾಗದ್ದಕ್ಕೆ ಪ್ರತಿ ವರ್ಷ ತಪಸಿ ಮರದ ಫೋಟೋದ ಒಂದು ಪ್ರತಿಯನ್ನು ನನ್ನಿಂದ ಇಸಕೊಂಡು ಅಕ್ಕನಿಗೆ ಕಳಿಸುತ್ತಿದ್ದಳು. ಅಕ್ಕನ ಉತ್ತರವೂ ಪ್ರತಿ ವರ್ಷ ಒಂದೇ: ಮರ ಚೆಂದ ಬಂದಿದೆ, ನಿನ್ನ ಮುಖ ಕಾಣುವುದಿಲ್ಲ. ಕಾಣುವುದು ಹೇಗೆ? ನೆತ್ತಿಯಿಂದ ಬುಡದವರೆಗೆ ಇಡೀ ಮರ ಬರಬೇಕಾದರೆ ಪಕ್ಕದ ಮನುಷ್ಯ ಜೋಳದ ತೆನೆಯಷ್ಟೇ ಕಾಣುತ್ತಾನೆ. ಹತ್ತಿರ ಹೋಗಿ ಮುಖದ್ದೊಂದು ಫೋಟೋ ತೆಗೆಯಲೇ ಎಂದು ಕೇಳಬೇಕೆಂದು ನಾನು ಎಷ್ಟೋ ಸಲ ಅಂದುಕೊಂಡೆ. ಹೆಣ್ಣುಮಗಳ ಮುಖದ ಹತ್ತಿರ ಕ್ಯಾಮೆರಾ ಒಯ್ಯಲು ಒಂದು ಕಾರಣ ಬೇಕಲ್ಲ, ಆ ಕಾರಣವನ್ನು ನಾನೇ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ.

ಈಗ ನನ್ನ ಸುದ್ದಿಗೆ ಬರುತ್ತೇನೆ. ಇಷ್ಟು ಹೊತ್ತು ಎಲ್ಲರನ್ನೂ ಆಡಿಕೊಂಡವನಿಗೆ ತನ್ನದನ್ನು ಹೇಳುವಾಗ ನಾಲಿಗೆ ದಪ್ಪವಾಗುತ್ತದೆ.

ಏಳು ವರ್ಷದ ಹಿಂದೆ ಗೇಟಿನ ಬಳಿಯ ಬೇವಿನ ಫೋಟೋ ತೆಗೆಯುತ್ತಿದ್ದೆ. ಅದರ ಜೋಡಿ ಬಾಳಪ್ಪ, ಬಾಯಿತುಂಬ ಎಲೆಯಡಿಕೆ. ನಾನು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಅವನು ಉಗುಳಲೆಂದು ಎರಡು ಹೆಜ್ಜೆ ಬದಿಗೆ ಸರಿದ. ತೊಳೆದು ನೋಡಿದರೆ ಫೋಟೋದಲ್ಲಿ ಬೇವು ಸ್ಪಷ್ಟವಾಗಿದೆ, ಬಾಳಪ್ಪ ಇಲ್ಲ. ಕಚೇರಿಯವರು ವಾಪಸು ಕಳಿಸಿದರು. ಮತ್ತೆ ತೆಗೆಯಲು ಹೋದರೆ ಬಾಳಪ್ಪನೇ ಇಲ್ಲ. ಮೂವತ್ತು ವರ್ಷ ಊರಗಡಿ ದಾಟದಿದ್ದ ಮನುಷ್ಯ, "ಯಾಕೋ ಕಾಲು ಹಗುರಾಗ್ಯಾವ" ಎಂದು ಹೆಂಡತಿಗೆ ಹೇಳಿ ಯಾತ್ರೆಗೆ ಹೋಗಿಬಿಟ್ಟಿದ್ದ. ಮೂರು ತಿಂಗಳು ತಿರುಗಿ ಬಂದ. ಬೇವು ಮಾತ್ರ ಇಡೀ ವರ್ಷ ಒಂದು ಬೆರಳೂ ಸರಿಯಲಿಲ್ಲ. ಹಾಲಭಾವಿ ಆ ಫೋಟೋದ ಹಿಂದೆ "ವ್ಯಕ್ತಿ ಇಲ್ಲ, ಮರ ಇದೆ" ಎಂದು ಬರೆದು ಗೋಡೆಗೆ ಹಾಕಿದ. ಬಾಳಪ್ಪನಿಲ್ಲದ ಬಾಳಪ್ಪನ ಫೋಟೋ ಎಂದು ಊರೆಲ್ಲ ನಕ್ಕಿತು.

ನಾನು ನಗಲಿಲ್ಲ. ಬಾಳಪ್ಪ ಹೋದರೂ ಬೇವು ನಿಂತೇ ಇದ್ದದ್ದನ್ನು ಕಂಡ ದಿನವೇ ನನಗೆ ಅರ್ಥವಾಗಿತ್ತು. ಮರ ನಿಲ್ಲಲು ಜೋಡಿ ಅದರ ಪಕ್ಕದಲ್ಲಿದ್ದರೆ ಸಾಕು, ಫೋಟೋದ ಒಳಗೆ ಇರಬೇಕಾಗಿಲ್ಲ. ಚೌಕಟ್ಟಿನ ಅಂಚು ಎಲ್ಲಿದೆ ಎಂಬುದು ಮರಕ್ಕೇನು ಗೊತ್ತು? ಅದು ಗೊತ್ತಿರುವುದು ಕ್ಯಾಮೆರಾದ ಹಿಂದೆ ನಿಂತವನಿಗೆ. ಮಣ್ಣಿನ ಗುಣ ಎಂದು ಹಿರಿಯರು ಎದೆಯುಬ್ಬಿಸುತ್ತಿದ್ದುದು ಮಣ್ಣಿನ ಗುಣವಾಗಿರಲಿಲ್ಲ. ನಾನೇ ಅವರನ್ನು ಮರದ ಜೊತೆಗೆ ವರ್ಷ ವರ್ಷ ಕಟ್ಟಿಹಾಕುತ್ತಿದ್ದೆ.

ಆ ದಿನವೇ ಕಚೇರಿಗೆ ಹೋಗಿ ಹೇಳಬೇಕಿತ್ತು. ಹೊರಟೂ ಇದ್ದೆ. ಮರುದಿನ ತಪಸಿ ಮರದ ಸರದಿ ಎಂಬುದು ನೆನಪಾಯಿತು. ಮನೆಗೆ ಹೋಗಿ ಅಂಗಿಗೆ ಇಸ್ತ್ರಿ ಹಾಕಿದೆ. ಮರುದಿನ ಸಾವಂತ್ರವ್ವ ಕರಿ ಹುಬ್ಬಿನಲ್ಲಿ ಬಂದು ನಿಂತಳು, ನಾನು ಅವಳನ್ನು ಚೌಕಟ್ಟಿನ ಸರೀ ನಡುವೆ ಇಟ್ಟು ಫೋಟೋ ತೆಗೆದೆ. ಹೀಗೆ ಏಳು ಸಲ. ಅವಳು ಹೋಗುವುದು ನನಗೆ ಬೇಡವಾಗಿತ್ತು. ಅದಕ್ಕಿಂತ ಸಭ್ಯವಾದ ಕಾರಣ ಹುಡುಕಿದೆ, ಸಿಗಲಿಲ್ಲ.

ಈ ವರ್ಷ ಫೋಟೋದ ದಿನ ಅವಳು ಬೆಳಿಗ್ಗೆ ಏಳಕ್ಕೇ ಬಂದಳು. ಕೈಯಲ್ಲಿ ಕೈಚೀಲ, ಚೀಲದಲ್ಲಿ ಬಟ್ಟೆ, ಮೇಲೊಂದು ಡಬ್ಬಿ.

"ಅಣ್ಣಾರ, ಇವತ್ತ ನಂದ ಮೊದಲ ತಗದುಬಿಡ್ರಿ. ಒಂಬತ್ತರ ಬಸ್ಸಿಗೆ ಹೊಂಟೀನಿ" ಎಂದಳು.

"ಮತ್ತ ಪಂಕ್ಚರ್ ಮಾಡಾಕೇನ್ರಿ?" ಎಂದು ನಕ್ಕೆ. ಯಾವಾಗಲೂ ಅವಳೂ ನಗುತ್ತಿದ್ದಳು. ಅಂದು ನಗಲಿಲ್ಲ.

"ಕಾಶವ್ವನ ಕಣ್ಣು ಹೊಂಟಾವ್ರಿ. ಒಂದು ಪೂರಾ ಹೋಗೇತಿ. ಇನ್ನೊಂದು ದೀಪಾವಳಿ ಕಾಣೂದಿಲ್ಲ ಅಂದಾರಂತ ಡಾಕ್ಟರು. ಕಾಣೂದರೊಳಗ ನಿನ್ನ ಮಾರಿ ಒಮ್ಮೆ ತೋರಿಸಿ ಹೋಗು ಅಂತ ಬರಿಸ್ಯಾಳ. ಈ ಸಲ ಬಸ್ಸು ಕೆಟ್ರ ನಡಕೊಂತ ಹೊಕ್ಕೀನಿ. ಹಳ್ಳದ ದಂಡಿ ಹಿಡದು ಹೋದ್ರ ಆಕಿ ಊರು ಬಂದ ಬರತೈತಲ್ರಿ?"

ದೀಪಾವಳಿಗೆ ಹನ್ನೊಂದು ದಿನವಿತ್ತು. ನಡೆದು ಹೋದರೂ ಅವಳು ಊರ ಗಡಿಯಲ್ಲಿ ಎಲ್ಲೋ ಮುಗ್ಗರಿಸುತ್ತಾಳೆ, ಕಾಲು ಉಳುಕುತ್ತದೆ, ಯಾರೋ ಗಾಡಿಯಲ್ಲಿ ಹಾಕಿಕೊಂಡು ವಾಪಸು ತರುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಾನು ಗುಂಡಿ ಒತ್ತಿದ ಮೇಲೆ ಅವಳಿಗೆ ಇನ್ನೊಂದು ವರ್ಷ ಬಿಡುಗಡೆಯಿಲ್ಲ. ಕಾಶವ್ವನ ಕಣ್ಣಿಗೆ ಅಷ್ಟು ವ್ಯವಧಾನವೂ ಇರಲಿಲ್ಲ.

ಅವಳು ಚೀಲವನ್ನು ಕಲ್ಲಿನ ಮೇಲಿಟ್ಟು ತಪಸಿಯ ಬಲಕ್ಕೆ ನಿಂತಳು. ಸೆರಗು ಸರಿಮಾಡಿಕೊಂಡಳು. "ನಿಂದ್ರಪಾ" ಎಂದಳು. ಮರ ನಿಂತಿತು. ಅದರ ಹಿಂದೆ ಹಳ್ಳ ತಿರುಗಿ ಹೊಳೆಯ ಕಡೆಗೆ ಹೋಗುತ್ತಿತ್ತು, ಬಿಸಿಲು ಏರಿ ಹುಲ್ಲೆಲ್ಲ ಕೆಂಪಗೆ ಕಾಣುತ್ತಿತ್ತು. ನಾನು ಕ್ಯಾಮೆರಾದೊಳಗೆ ನೋಡಿದೆ. ಅವಳು ನಡುವೆ ಇದ್ದಳು. ಸ್ಟ್ಯಾಂಡಿನ ತಿರುಪು ಸಡಿಲಿಸಿ ಕ್ಯಾಮೆರಾದ ಮೂತಿಯನ್ನು ಒಂದು ಗೇಣು ಎಡಕ್ಕೆ ತಿರುಗಿಸಿದೆ. ಮರ ಪೂರ್ತಿ ಇತ್ತು, ಹಳ್ಳದ ತಿರುವು ಇತ್ತು, ಅವಳಿದ್ದ ಜಾಗದಲ್ಲಿ ಬರೀ ಚೌಕಟ್ಟಿನ ಅಂಚು. ಗುಂಡಿ ಒತ್ತಿದೆ. ಏಳು ವರ್ಷ ಮಾಡದಿದ್ದ ಕೆಲಸಕ್ಕೆ ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

"ಆತೇನ್ರಿ?" ಎಂದಳು.

"ಆತ್ರಿ. ಹೋಗಿ ಬರ್ರಿ" ಎಂದೆ.

ಒಂಬತ್ತಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಊರು ಸೇರಿತ್ತು. ಸಾವಂತ್ರವ್ವ ಬಸ್ಸು ಹತ್ತುತ್ತಾಳೆಂದರೆ ನಮ್ಮಲ್ಲಿ ನೋಡಲು ಬರುವ ರೂಢಿ. ಕೆಲವರು ಚುರುಮುರಿ ಕಟ್ಟಿಸಿಕೊಂಡು ಬಂದಿದ್ದರು. ಈ ಸಲ ಪಂಕ್ಚರೋ ಎಂಜಿನ್ನೋ ಎಂದು ಬಾಳಪ್ಪನೂ ಹಾಲಭಾವಿಯೂ ಚಹಾದ ಪಂಥ ಕಟ್ಟಿದ್ದರು. ಸಾವಂತ್ರವ್ವ ಕಿಟಕಿಯ ಪಕ್ಕ ಕುಳಿತು ಕಣ್ಣುಮುಚ್ಚಿಕೊಂಡಿದ್ದಳು. ಡ್ರೈವರು ಕೂಡ ನಂಬಿಕೆಯಿಲ್ಲದೆ ಕೀಲಿ ತಿರುವಿದ. ಬಸ್ಸು ಗುರುಗುಟ್ಟಿತು, ಹೊರಟಿತು, ಚೌಕ ದಾಟಿತು, ಗಡಿಯ ಕಲ್ಲು ದಾಟಿತು, ಧೂಳು ಮಾತ್ರ ಉಳಿಯಿತು. ಚುರುಮುರಿ ತಿನ್ನುವವರ ಕೈ ಬಾಯಿಯ ಹತ್ತಿರವೇ ನಿಂತಿತ್ತು. "ಹೋತಲ್ಲೋ!" ಎಂದು ಬಾಳಪ್ಪ, ಯಾರದೋ ಹೆಣ ಎದ್ದು ಕುಳಿತಂತೆ ಕೂಗಿದ. ಚಹಾದ ಪಂಥ ಇಬ್ಬರಿಗೂ ದಕ್ಕಲಿಲ್ಲ.

ನಾಲ್ಕು ದಿನದ ಮೇಲೆ ಹಾಲಭಾವಿ ಫೋಟೋ ಹಿಡಿದುಕೊಂಡು ನನ್ನ ಮನೆಗೇ ಬಂದ. "ವ್ಯಕ್ತಿ ಎಲ್ಲಿ?" ಎಂದ. ನಾನು ಎಲ್ಲವನ್ನೂ ಹೇಳಿದೆ, ಬಾಳಪ್ಪನ ಉಗುಳಿನಿಂದ ಹಿಡಿದು. ಅವನು ಫೋಟೋವನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನೂ ಒಂದು ಹುಣಸೆಯ ಜೋಡಿ, ಇಪ್ಪತ್ತು ವರ್ಷದಿಂದ ಮಾವನ ಮನೆಗೆ ಹೋಗಲಾಗಿರಲಿಲ್ಲ. ಕೊನೆಗೆ, "ನಂದು ಒಳಗ ಇರ್ಲಿ ಬಿಡಣ್ಣ, ಮಾವಗ ಹೇಳಾಕ ಒಂದು ನೆವ ಬೇಕಲ್ಲ" ಎಂದ. ಫೋಟೋದ ಹಿಂದೆ "ವ್ಯಕ್ತಿ ಊರಿಗೆ ಹೋಗಿದ್ದಾರೆ" ಎಂದು ಬರೆದು ಸಹಿ ಮಾಡಿಕೊಂಡು ಹೋದ. ಯಾರಿಗೂ ಹೇಳಬೇಡ ಎಂದು ನಾನು ಕೇಳಲಿಲ್ಲ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಬಯ್ಯುತ್ತಾರೆಂದು ಬಾಗಿಲು ಹಾಕಿಕೊಂಡು ಕೂತಿದ್ದೆ. ಕೆಲವರು ಬಂದು ಬಯ್ದರು. ಕೆಲವರು ಬಂದು, ತಮ್ಮ ಬೀಗರನ್ನು ಚೌಕಟ್ಟಿನ ಹೊರಗೆ ಇಡಲು ಬರುತ್ತದೆಯೇ ಎಂದು ವಿಚಾರಿಸಿದರು. ತಪಸಿ ಮರ ಇದ್ದಲ್ಲೇ ಇತ್ತು. ದಿನಕ್ಕೆರಡು ಸಲ ಹೋಗಿ ನೋಡಿ ಬರುತ್ತಿದ್ದೆ. ನಾನು ನೋಡಲು ಹೋಗುತ್ತಿದ್ದದ್ದು ಮರವನ್ನೇ ಎಂದು ಯಾರಾದರೂ ಕೇಳಿದರೆ ಹೇಳುತ್ತಿದ್ದೆ.

ದೀಪಾವಳಿ ಕಳೆದು ಹತ್ತು ದಿನಕ್ಕೆ ಸಾವಂತ್ರವ್ವ ಬಂದಳು. ನಾನು ಸುದ್ದಿ ಕೇಳಿ ಗಿರಣಿಗೆ ಹೋಗುವ ಮೊದಲೇ ಅವಳೇ ನನ್ನ ಬಾಗಿಲಿಗೆ ಬಂದಿದ್ದಳು. ಹುಬ್ಬು ಕರ್ರಗೇ ಇತ್ತು. ಕಟ್ಟೆಯ ಮೇಲೆ ಕುಳಿತಳು.

"ಕಂಡ್ರೇನ್ರಿ ಕಾಶವ್ವಾರಿಗೆ?" ಎಂದೆ.

"ಕಂಡ್ನಿ. ಒಂದು ಕಣ್ಣಾಗ, ಗಡಿಗಿ ತಳದಾಗ ನೀರು ಕಂಡಂಗ. ಮಾರಿ ಹಿಡಕೊಂಡು ಒಂದು ತಾಸು ನೋಡಿದ್ಲು. ಹಲ್ಲು ಯಾವಾಗ ಬಿತ್ತು, ಕೂದಲಾ ಯಾವಾಗ ಬೆಳ್ಳಗಾದ್ವು ಅಂತ ಒಂದೊಂದ ಕೇಳಿದ್ಲು. ಐದು ದಿನ ನೋಡಿದ್ಲು. ಆರನೇ ದಿನ ದೀಪಾ ಯಾಕ ಹಚ್ಚಿಲ್ಲ ಅಂದ್ಲು. ಹಚ್ಚಿತ್ತು."

ಅವಳು ಕೈ ಚಾಚಿದಳು. "ಈ ವರ್ಷದ ಫೋಟೋ ಕೊಡ್ರಿ" ಎಂದಳು. ಕೊಟ್ಟೆ. ನೋಡಿದಳು. ಮರದ ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಓಣ್ಯಾಗ ಅಂದ್ರು. ಖರೇನ ಅನಸ್ಲಿಲ್ಲ. ಬಾಳಪ್ಪ ಯಾತ್ರಾಕ ಹೋಗಿ ಎಷ್ಟು ವರ್ಷಾತ್ರಿ?"

"ಏಳು."

"ಏಳು ವರ್ಷದ ಕೆಳಗ ಕಾಶವ್ವಗ ಎರಡೂ ಕಣ್ಣು ನೆಟ್ಟಗ ಇದ್ವು" ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಐವತ್ತೆಂಟು ವರ್ಷದ ನನ್ನ ಬಾಯಿ ಆಗ ತೆರೆಯಿತು. "ನೀವು ಇಲ್ಲೇ ಇರಬೇಕು ಅನಸ್ತಿತ್ರಿ ನನಗ. ಹೋದ್ರ ತಿರುಗಿ ಬರ್ತೀರೋ ಇಲ್ಲೋ ಅಂತ ಅಂಜಿಕಿ. ಅದಕ್ಕ ಹೇಳಲಿಲ್ಲ. ತಪ್ಪಾತು" ಎಂದೆ.

ಅವಳು ನನ್ನನ್ನು ನೋಡಿದಳು. ಇಪ್ಪತ್ತೆರಡು ವರ್ಷ ಅವಳನ್ನು ಕ್ಯಾಮೆರಾದೊಳಗಿಂದ ನೋಡಿದ್ದ ನನಗೆ, ಅವಳ ಕಣ್ಣು ಕಂದು ಬಣ್ಣದವೆಂದು ಅಂದೇ ತಿಳಿದದ್ದು.

"ಬಾಯಿ ಇರಲಿಲ್ಲೇನ್ರಿ ನಿಮಗ?" ಎಂದಳು. "ಕಟ್ಟಿ ಹಾಕಾಕ ಬಂತು, ಇರು ಅಂತ ಒಂದು ಮಾತು ಕೇಳಾಕ ಬರಲಿಲ್ಲ. ಕೇಳಿದ್ರ ಇರ್ತಿದ್ನೋ ಏನೋ. ಹೋಗಿ ಅಕ್ಕನ ಮಾರಿ ನೋಡಿ, ತಿರುಗಿ ಬಂದು ಇರ್ತಿದ್ನೋ ಏನೋ."

"ಈಗ ಕೇಳಿದ್ರ?"

ಅವಳು ಫೋಟೋವನ್ನು ಚೀಲದಲ್ಲಿ ಇಟ್ಟುಕೊಂಡಳು. ಗಿರಣಿಯನ್ನು ಮೈದುನನ ಮಗನಿಗೆ ಒಪ್ಪಿಸಿ ಬಂದಿರುವುದಾಗಿಯೂ, ವರ್ಷಕ್ಕೊಮ್ಮೆ ಬಂದು ತಪಸಿಯ ಪಕ್ಕ ನಿಲ್ಲುವುದಾಗಿಯೂ, ನೇಕಾರರ ಓಣಿಯವರು ಹೆದರಬೇಕಾಗಿಲ್ಲವೆಂದೂ ಹೇಳಿದಳು. ಎದ್ದು ಸೆರಗು ಸರಿಮಾಡಿಕೊಂಡಳು.

"ಕಾಶವ್ವ ಕೇಳಿದ್ಲ್ರಿ, ಇನ್ನ ಮ್ಯಾಲ ನನ್ನ ಕಣ್ಣಾಗಿ ಇರ್ತೀಯೇನು ಅಂತ" ಎಂದಳು. "ಆಕಿ ಬಾಯಿಬಿಟ್ಟು ಕೇಳಿದ್ಲು."